ಮಡಿಲಮ್ಮನ ಕೂಸು

"ಬೇಡ ಅಳಿಯಂದ್ರೇ. ನಾಲ್ಕು ಜನರ ಎದುರಿಗೆ ಆ ಮಡಿಲಮ್ಮನ ಮಡಿಲು ಖಾಲಿ ಅಂತ ಅನ್ಬೇಡಿ."

ಅತ್ತೆ ಕೋಕಿಲಾ ಹೀಗೆನ್ನುತ್ತ ಕೆಂಡದ ಮೇಲೆ ಸಾಂಬ್ರಾಣಿ ಉದುರಿಸಿದರು. ಜೀವನ್ ಬಿಮಾ ನಗರದ ಆ ಮನೆಯ ತುಂಬ ಹೊಗೆ ಕವಿಯಿತು. ಆಗಷ್ಟೇ ಎಣ್ಣೆನೀರು ಎರೆಸಿಕೊಂಡಿದ್ದ ಮೊಮ್ಮಗಳು ಚಿನ್ಮಯಿಯ ಒದ್ದೆ ಕೂದಲನ್ನು ಹೊಗೆಗೆ ಹಿಡಿದರು. ಮೊದಲ ಚಿಟಿಕೆ ಹಾಕುವಾಗ ಎಂದಿನಂತೆ, "ನಿನ್ನ ಕೂಸಿಗೂ ತಾಯೀ" ಎಂದಿದ್ದರು.

ಭಾರ್ಗವ್ ಡಬ್ಬಿಯನ್ನು ತಿರುಗಿಸಿ ನೋಡಿ ನಕ್ಕ. ಮಡಿಲಮ್ಮ ಸಾಂಬ್ರಾಣಿ. ಚಿತ್ರದಲ್ಲಿ ಹೆಂಗಸೊಬ್ಬಳು ಕುಳಿತಿದ್ದಾಳೆ. ತೋಳುಗಳು ಬಾಗಿವೆ. ಒಳಗೇನೂ ಇಲ್ಲ. ಆದರೆ ಶಿವಾಜಿನಗರದಿಂದ ಕೆ.ಆರ್. ಪುರದವರೆಗೆ ಯಾರನ್ನು ಕೇಳಿದರೂ ಅವಳ ಮಡಿಲಲ್ಲಿ ಕೂಸಿದೆ, ಕೆಂಪು ಕುಲಾವಿ ಹಾಕಿದೆ ಎನ್ನುತ್ತಾರೆ. ಹೀಗೆ ಇಲ್ಲದ್ದನ್ನು ಕಂಡಂತೆ ನೆನೆಯುವವರನ್ನು ಫೋನಿನ ಕ್ಯಾಮೆರಾದಲ್ಲಿ ಹಿಡಿದು, ಬೆಪ್ಪು ಮಾಡಿ, ವಿಡಿಯೋ ಹಾಕುವುದು ಅವನ ಕಸುಬು. ದಾವಣಗೆರೆಯಿಂದ ಬಂದು ಈ ಮನೆಯ ಅಳಿಯನಾದವನಿಗೆ ಇಂಥ ಬೇಟೆ ಸಿಕ್ಕಿರಲಿಲ್ಲ.

"ನೀವೂ ನೋಡಿದೀರಾ ಅತ್ತೆ, ಆ ಕೂಸನ್ನ?"

"ನೋಡ್ದೆ ಏನು? ಡಬ್ಬಿ ಮೇಲೆ ಇಲ್ಲ ಅಂತಲೂ ಗೊತ್ತು. ಕೂಸು ಕಳಕೊಂಡವಳೊಬ್ಬಳು ಮಾಡಿಸಿದ ಮಾಟ ಅದು. ಇದೆ ಅನ್ನೋರ ಬಾಯಲ್ಲೇ ಆ ಕೂಸು ಬದುಕಿರೋದು. ಇಲ್ಲ ಅಂತ ಸಾರಿದವನ ಮನೆ ಕೂಸನ್ನ ಅವಳು ತಗೋತಾಳೆ. ಯಾರ ನೆನಪಲ್ಲೂ ಉಳಿಸಲ್ಲ."

"ಅಪ್ಪನ ನೆನಪಲ್ಲೂ?"

"ಸಾರಿದವನ ನೆನಪು ಕೊನೇಗೆ ಹೋಗುತ್ತಂತೆ. ಅಷ್ಟರೊಳಗೆ ದೇವರ ಮುಂದೆ ಇನ್ನೊಬ್ಬರ ಬಾಯಲ್ಲಿ ಕೂಸಿನ ಹೆಸರು ಹೇಳಿಸಿದ್ರೆ ಬಿಟ್ಟುಕೊಡ್ತಾಳಂತೆ."

"ಕಂಪನಿಯೋರು ಕತೆ ಚೆನ್ನಾಗಿ ಕಟ್ಟಿದಾರೆ," ಎಂದು ಭಾರ್ಗವ್ ಮಗಳ ಮೂಗು ಹಿಂಡಿ, ಡಬ್ಬಿ ಹಿಡಿದು ಹೊರಟ.

ರಸೆಲ್ ಮಾರುಕಟ್ಟೆಯಲ್ಲಿ ಮೀನಿನ ನೀರು, ಕೊತ್ತಂಬರಿ, ಬಾಡಿದ ಮಲ್ಲಿಗೆ ಎಲ್ಲದರ ವಾಸನೆ ಕಲಸಿಕೊಂಡಿತ್ತು. ಹಣ್ಣಿನ ಶೌಕತ್ ಫೋನಿನ ಮುಂದೆ ಎದೆ ಸೆಟೆಸಿ ನಿಂತ. "ಕೂಸು ಇತ್ತು ಭಾಯ್, ಲಾಲ್ ಟೋಪಿ. ನಮ್ಮ ಅಮ್ಮಿ ಇದೇ ಹೊಗೆ ಹಾಕ್ತಿದ್ರು."

ಹೂವಿನ ಗೋವಿಂದಮ್ಮ ಮಾಲೆಯಿಂದ ಕಣ್ಣೆತ್ತಲಿಲ್ಲ. "ಇದ್ರೆ ನಿನ್ ಗಂಟೇನು ಹೋಯ್ತಪ್ಪ? ಕೂಸಿಲ್ಲ ಅಂತ ತೋರ್ಸಿ ಹೊಟ್ಟೆ ತುಂಬಿಸ್ಕೋತೀಯಾ?"

ಸುತ್ತಲಿನವರು ನಕ್ಕರು. ಆ ನಗುವಿಗೇ ಅವನಿಗೆ ರೇಗಿತು. ಡಬ್ಬಿಯನ್ನು ಎತ್ತಿ ಹಿಡಿದು ಕೂಗಿದ: "ಸರಿಯಾಗಿ ನೋಡ್ರಪ್ಪ! ಮಡಿಲು ಖಾಲಿ! ಕೂಸು ಯಾವತ್ತೂ ಇರಲೇ ಇಲ್ಲ!"

ನಗು ನಿಂತಿತು. ಗೋವಿಂದಮ್ಮನ ಕೈಯಿಂದ ದಾರ ಜಾರಿತು. "ಬಿಡ್ತು ಅನ್ನು. ಲೇ, ಬಿಡ್ತು ಅನ್ನೋ!"

ಅವನು ಅನ್ನಲಿಲ್ಲ. ಅಲ್ಲೇ ನಿಂತು ವಿಡಿಯೋ ಹಾಕಿದ. ಒಬ್ಬ ತಾಯಿಯ ಮಡಿಲು ತುಂಬಿದ್ದ ಆ ಸುಳ್ಳು ನೆನಪು ಇಷ್ಟು ಕಾಲ ಯಾರಿಗೂ ಭಾರವಾಗಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಊರೆಲ್ಲ ಅವನ ಮಾತನ್ನೇ ಆಡತೊಡಗಿತ್ತು: ಹೌದು ಗುರು, ಕೂಸೇ ಇಲ್ಲ.

ದೀಪ ಹಚ್ಚುವ ಹೊತ್ತಿಗೆ ಮನೆಗೆ ಬಂದ. ಬಾಗಿಲಲ್ಲಿ ಪುಟ್ಟ ಚಪ್ಪಲಿ ಇರಲಿಲ್ಲ. ಮಗಳು ಬಳಪದಲ್ಲಿ ಗೀಚಿದ್ದ ಗೋಡೆ ಹಾಲಿನಂತೆ ಬೆಳ್ಳಗಿತ್ತು.

"ಚಿನ್ಮಯಿ ಎಲ್ಲಿ?"

ಹೆಂಡತಿ ಸಂಹಿತಾ ಅಡುಗೆಮನೆಯಿಂದ ಇಣುಕಿದಳು. "ಯಾವ ಚಿನ್ಮಯಿ?"

"ತಮಾಷೆ ಸಾಕು. ನಮ್ಮ ಮಗಳು!"

ಅವಳ ಕಣ್ಣು ತುಂಬಿ ಬಂತು. ಒಳಗೆ ಹೋದಳು. ಕೋಕಿಲಾ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಅಂದರು: "ಅಳಿಯಂದ್ರೇ, ಅವಳ ಮುಂದೆ ಮಕ್ಕಳ ವಿಷ್ಯ ಎತ್ಬೇಡಿ. ಮೊದಲೇ ನೊಂದಿದಾಳೆ."

"ಅತ್ತೆ, ಬೆಳಿಗ್ಗೆ ನೀವೇ ಅವಳ ತಲೆಗೆ ಹೊಗೆ..."

"ಯಾರ ತಲೆಗೆ?"

ಕೆಂಡವಿರಲಿಲ್ಲ. ಆದರೂ ಸಾಂಬ್ರಾಣಿಯ ವಾಸನೆ ಮೂಗಿಗೆ ಅಡರಿತು.

ಓಡಿದ. ದೇವರ ಮುಂದೆ ಇನ್ನೊಬ್ಬರ ಬಾಯಲ್ಲಿ ಅವಳ ಹೆಸರು ಹೇಳಿಸಬೇಕು. ಆಟೋ ಹತ್ತಿದ. ಹಲಸೂರು, ಸೋಮೇಶ್ವರನ ಗುಡಿ, ಬೇಗ. ಚಿನ್ಮಯಿ. ಚಿನ್ಮಯಿ. ದಾರಿಯುದ್ದಕ್ಕೂ ಜಪಿಸಿದ. ಕೆನ್ನೆಯ ಮಚ್ಚೆ ಎಡಕ್ಕೋ ಬಲಕ್ಕೋ? ಹೊಗೆ. ಅವಳ ದನಿ ಹೇಗಿತ್ತು? ಆಟೋ ತುಂಬ ಹೊಗೆ. ಚಾಲಕ ಕೆಮ್ಮಲಿಲ್ಲ. ಇಂದಿರಾನಗರದ ಸಿಗ್ನಲ್ಲಿನಲ್ಲಿ ಬಾಯಿ ಒಣಗಿ ಜಪ ತಪ್ಪಿತು. ಮತ್ತೆ ಹಿಡಿದ. ಚಿನ್ಮ... ಚಿನ್ನ... ಇಳಿದ. ಓಡಿದ. ಗಂಟೆ ಮೊಳಗುತ್ತಿತ್ತು. ಗರ್ಭಗುಡಿಯ ಕತ್ತಲಲ್ಲಿ ಒಂದೇ ದೀಪ. ಸಾಲನ್ನು ಸೀಳಿಕೊಂಡು ಮುಂದೆ ನಿಂತ.

"ಅರ್ಚನೆ... ಬೇಗ ಸ್ವಾಮಿ."

"ಯಾರ ಹೆಸರಿಗೆ?" ಎಂದರು ಅರ್ಚಕರು.

ಬಾಯಿ ತೆರೆದ. ನಾಲಿಗೆಯ ಮೇಲೆ ಬೂದಿಯ ರುಚಿ.

"ಮಗಳು..."

"ಹೆಸರು ಹೇಳಿ."

ತುಟಿ ಅಲುಗಿತು. ಹಿಂದಿದ್ದ ಹೆಂಗಸು ಕಂಕುಳ ಕೂಸನ್ನು ಇನ್ನೊಂದು ಸೊಂಟಕ್ಕೆ ಬದಲಿಸಿ ಗೊಣಗಿದಳು. ಗಂಟೆ ನಿಂತಿತು. ಹೊಗೆಯೂ ಕರಗಿತು. ಇಷ್ಟು ಬೆವರಿ ಇಲ್ಲಿಗೇಕೆ ಬಂದೆ ಎಂದು ಭಾರ್ಗವ್ ಸುತ್ತ ನೋಡಿದ.

"ಹೋಗ್ಲಿ, ದೇವರ ಹೆಸರಿಗೇ ಮಾಡಲಾ?"

"ಮಾಡಿ."

ಮಂಗಳಾರತಿಯಾಯಿತು. ಅರ್ಚಕರು ಬಾಳೆಹಣ್ಣು ಕೊಟ್ಟು, "ಮನೇಲಿ ಮಕ್ಕಳಿಗೆ ಕೊಡಿ" ಎಂದರು.

"ನಮಗೆ ಮಕ್ಕಳಿಲ್ಲ ಸ್ವಾಮಿ," ಎಂದು ಭಾರ್ಗವ್ ಆ ಹಣ್ಣನ್ನು ಹಿಂದಿನ ಹೆಂಗಸಿನ ಕೂಸಿನ ಕೈಗಿಟ್ಟು ಹೊರನಡೆದ.