ಕಲಿಸದ ಮಾತು

ಗುರುವಾರ ಬೆಳಿಗ್ಗೆ ಹತ್ತೂಕಾಲಿಗೆ ಬಂದರಿನ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಿ ಬಂದ ಹೆಂಗಸಿನ ತೋಳಿನ ಮೇಲೆ ದೊಡ್ಡದೊಂದು ಟವೆಲ್ ಇತ್ತು. ದೂರು ಬರೆಸಿ ಮುಗಿಯುವ ತನಕ ಆಕೆ ಅದನ್ನು ಕೆಳಗಿಡಲಿಲ್ಲ. ಜಲಸಂಧಿ ಈಜಿ ದಡ ಸೇರುವ ಮಗಳಿಗೆ ಹೊದಿಸಲೆಂದು ಮಂಗಳವಾರ ಒಯ್ದಿದ್ದ ಟವೆಲ್ ಅದು. ಮಡಿಕೆ ಇನ್ನೂ ಬಿಚ್ಚಿರಲಿಲ್ಲ.

"ಡಾಕ್ಟರಮ್ಮನ ಮೇಲೆ ಬರ್ಕೊಳ್ಳಿ ಸಾರ್. ದೋಣೀಲಿ ಡಾಕ್ಟರು ಅಂತ ಕೂತಿದ್ದು ಆಕೆ. ನನ್ನ ಮಗಳು ಅವಳ ಕಣ್ಣೆದುರೇ ಮುಳುಗಿದಳು."

"ದೋಣಿಯಲ್ಲಿ ಇನ್ನ್ಯಾರಿದ್ದರು ತಾಯಿ?"

"ದೋಣಿಯವನು, ಮತ್ತೆ ನನ್ನ ತಮ್ಮ. ಈಜು ಕಲಿಸಿದೋನು ಅವನೇ. ಅವನಂತೂ ಅವತ್ತಿಂದ ಗೋಡೆ ನೋಡ್ಕೊಂಡು ಕೂತಿದ್ದಾನೆ." ಆಕೆ ಸಹಿ ಹಾಕಿ ತಲೆ ಎತ್ತಿದಳು. "ಒಂದೇ ಒಂದು ಕೇಳಿ ಹೇಳಿ ಸಾರ್. ಕೊನೇಲಿ ಅವಳು ನನ್ನ ಕರೆದಳಾ? ಯಾರೂ ಬಾಯಿ ಬಿಡ್ತಿಲ್ಲ."

ಇನ್ಸ್‌ಪೆಕ್ಟರ್ ಎಷ್ಟೋ ಸಾವಿನ ಮನೆಗಳ ಜಗಲಿಯಲ್ಲಿ ಕೂತು ಎದ್ದವರು. ಸಮಾಧಾನದ ಮಾತು ಅವರಿಗೆ ಬರುತ್ತಿರಲಿಲ್ಲ. ಮನಸ್ಸಿನಲ್ಲೇ ದೇವರ ಹೆಸರು ಹೇಳಿಕೊಂಡು ಸುಮ್ಮನಾಗುತ್ತಿದ್ದರು. ಅಂದೂ ಹಾಗೇ ಮಾಡಿ, "ಕೇಳಿ ಹೇಳ್ತೀನಿ" ಎಂದರು. ಹನ್ನೊಂದು ಗಂಟೆಗೆ ಎಫ್‌ಐಆರ್ ದಾಖಲಾಯಿತು. ನಿರ್ಲಕ್ಷ್ಯದಿಂದ ಸಾವು; ಆರೋಪಿ: ದೋಣಿಯಲ್ಲಿದ್ದ ವೈದ್ಯೆ.

ಮಧ್ಯಾಹ್ನ ಬಂದರಿನಲ್ಲಿ ಪಂಚನಾಮೆ. ಕಟ್ಟೆಗೆ ಬಿಗಿದಿದ್ದ ದೋಣಿ ಅಲೆಗೆ ಸಣ್ಣಗೆ ತೂಗುತ್ತಿತ್ತು. ಹೆಡ್ ಕಾನ್‌ಸ್ಟೇಬಲ್ ಒಂದು ಕಾಲು ಒಳಗಿಟ್ಟು ಕಂಬ ತಬ್ಬಿಕೊಂಡರು.

"ಸಾರ್, ನನಗೆ ಬಚ್ಚಲುಮನೆ ಬಕೆಟ್ ತುಂಬಿದ್ರೇ ಎದೆ ಡವಡವ ಅನ್ನುತ್ತೆ. ಪಂಚನಾಮೆ ದಡದಲ್ಲೇ ಬರೀಬಹುದಲ್ಲ?"

"ಕಂಬದ ಅಳತೆ ತಗೊಳ್ತಿದ್ದೀರಿ ಅಂತ ಬರೀತೀನಿ, ಬನ್ನಿ."

ದೋಣಿಯವನು ನಗಲಿಲ್ಲ. ಮೂಲೆಯಲ್ಲಿದ್ದ ಉದ್ದ ಕೋಲೊಂದನ್ನು ಎತ್ತಿ ತೋರಿಸಿದ. ತುದಿಗೆ ಲೋಟ ಕಟ್ಟಿತ್ತು.

"ಇದರಲ್ಲೇ ಬಿಸಿ ಗಂಜಿ ಕೊಡೋದು ಸಾರ್. ಈಜೋರನ್ನ ಯಾರೂ ಮುಟ್ಟೋ ಹಾಗಿಲ್ಲ. ಒಂದು ಬೆರಳು ತಾಗಿದ್ರೂ ಅಷ್ಟು ಹೊತ್ತು ಈಜಿದ್ದೆಲ್ಲ ರದ್ದು."

"ಸಾಯ್ತಿದ್ರೂ?"

"ಸಾಯ್ತಿದ್ದಾರೆ ಅಂತ ಗೊತ್ತಾದ್ರೆ ಎತ್ತಲೇಬೇಕು. ಗೊತ್ತಾಗಬೇಕಲ್ಲ."

ಮನೆಯವರಿಗೆ ತೋರಿಸಲೆಂದು ಅವನು ನಡುನಡುವೆ ಮೊಬೈಲಿನಲ್ಲಿ ಚಿತ್ರೀಕರಿಸಿದ್ದ. ಕೋಲಿನ ಜೊತೆ ಮೊಬೈಲನ್ನೂ ಪಂಚರ ಎದುರು ಜಪ್ತಿ ಮಾಡಿ ಮೊಹರು ಹಾಕಲಾಯಿತು.

ವೈದ್ಯೆ ಆಸ್ಪತ್ರೆಯ ಹಿಂದಿನ ಮೆಟ್ಟಿಲ ಮೇಲೆ ಸಿಕ್ಕಳು. ವಯಸ್ಸು ಇನ್ನೂ ಮೂವತ್ತು ದಾಟಿರಲಿಲ್ಲ. ಕೊರಳಿನ ಗುರುತಿನ ಚೀಟಿ ತೆಗೆದು ಜೇಬಿಗಿಟ್ಟಿದ್ದಳು.

"ಸಸ್ಪೆಂಡ್ ಆಗಿದೆ. ಕೇಳಿ ಸಾರ್."

"ಯಾಕೆ ಎತ್ತಿಸಲಿಲ್ಲ?"

"ಚಳಿ ಹೊರಗಿಂದ ಕೊಲ್ಲಲ್ಲ. ಮೊದಲು ನಡುಕ ಬರುತ್ತೆ. ಆಮೇಲೆ ನಡುಕ ನಿಲ್ಲುತ್ತೆ, ಅದೇ ಅಪಾಯ. ಬುದ್ಧಿ ಮಂಕಾಗುತ್ತೆ, ಚಳಿ ಆಗ್ತಿದೆ ಅಂತಲೇ ಅವರಿಗೆ ತಿಳಿಯಲ್ಲ. ಅದಕ್ಕೇ ಅರ್ಧ ಗಂಟೆಗೊಮ್ಮೆ ಪ್ರಶ್ನೆ ಕೇಳೋದು. ಮನೆ ವಿಷಯ, ದಿನದ ವಿಷಯ. ಉತ್ತರ ತಡವರಿಸಿದ್ರೆ ಎತ್ತಬೇಕು."

"ಕೇಳಿದ್ದು ಯಾರು?"

"ಅವಳ ಸೋದರಮಾವ. ಅಲೆ ಸದ್ದಲ್ಲಿ ಅವಳಿಗೆ ಪರಿಚಯದ ದನಿ ಮಾತ್ರ ಹಿಡಿಯುತ್ತೆ ಅಂದ್ರು. ಕೈ ಬೀಸೋದು ನಿಧಾನ ಆಗಿದೆ, ಎತ್ತೋಣ ಅಂತ ಎರಡು ಸಲ ಹೇಳಿದೆ. ಎರಡು ಸಲಾನೂ ಅವರು ಪ್ರಶ್ನೆ ಕೇಳಿ, ಉತ್ತರ ಸರಿಯಾಗಿದೆ ಅಂದ್ರು. ನಾನು ಆಚೆ ಬದಿ ವಾಂತಿ ಮಾಡ್ಕೊಂತಿದ್ದೆ." ಹೆಡ್ ಕಾನ್‌ಸ್ಟೇಬಲ್ ಬರೆಯುತ್ತಿದ್ದ ಪುಸ್ತಕದ ಕಡೆ ಕೈ ತೋರಿಸಿದಳು. "ನಾನೇ ಬಂದು ಕೇಳಬೇಕಿತ್ತು. ಅದನ್ನೂ ಬರ್ಕೊಳ್ಳಿ."

ಹೆಡ್ ಅದನ್ನೂ ಬರೆದುಕೊಂಡರು.

ಸಂಜೆ ಠಾಣೆಯಲ್ಲಿ ಇನ್ಸ್‌ಪೆಕ್ಟರ್, ಹೆಡ್ ಇಬ್ಬರೂ ಮೊಹರಿಗೆ ಮುಂಚೆ ತೆಗೆದಿಟ್ಟ ನಕಲಿನಲ್ಲಿ ಆ ಚಿತ್ರೀಕರಣ ನೋಡಿದರು. ಬೂದು ನೀರು, ಅದರಲ್ಲಿ ಕೆಂಪು ಟೋಪಿಯ ಪುಟ್ಟ ತಲೆ. ದೋಣಿಯ ಅಂಚಿಗೆ ಬಗ್ಗಿದ ಮಾವ ಕೂಗಿ ಕೇಳುತ್ತಿದ್ದ. ಮೇಲೆತ್ತಿದ ಮುಖದಿಂದ ಉತ್ತರ ಬರುತ್ತಿತ್ತು, ತಡವಿಲ್ಲ, ತೊದಲಿಲ್ಲ. ಬೆಕ್ಕಿನ ಹೆಸರೇನು? ಬೂದಿ. ಅಜ್ಜನ ಕೆಲಸ? ಗಡಿಯಾರ ರಿಪೇರಿ. ಇವತ್ತು ಯಾವ ವಾರ? ಭಾನುವಾರ.

"ಸರಿ!" ಎಂದು ಮಾವ ಹಿಂದಕ್ಕೆ ತಿರುಗಿ ಕೂಗಿದ.

ಇನ್ಸ್‌ಪೆಕ್ಟರ್ ಅಲ್ಲಿಗೆ ನಿಲ್ಲಿಸಿದರು. "ಅವತ್ತು ಮಂಗಳವಾರ."

"ನೀರಲ್ಲಿರೋರಿಗೆ ವಾರ ಎಲ್ಲಿ ನೆನಪಿರುತ್ತೆ ಸಾರ್? ರಜೆ ಸಿಗದೆ ಭಾನುವಾರ ಹೇಗಿರುತ್ತೆ ಅನ್ನೋದು ನನಗೇ ಮರೆತುಹೋಗಿದೆ."

"ಅವಳು ಮರೆತಳು, ಒಪ್ಪಿದೆ. ದೋಣಿ ಮೇಲೆ ಬೆಚ್ಚಗೆ ನಿಂತಿದ್ದ ಇವನು ಯಾಕೆ ಸರಿ ಅಂದ?"

ಮತ್ತೆ ನೋಡಿದರು, ಮತ್ತೂ ಒಮ್ಮೆ ನೋಡಿದರು. ಮೂರನೆಯ ಸಲ ಇನ್ಸ್‌ಪೆಕ್ಟರ್ ಚಿತ್ರ ಬಿಟ್ಟು ದನಿಯನ್ನಷ್ಟೇ ಕೇಳಿದರು. ಏರಿಳಿತವಿಲ್ಲದ ಆ ದನಿ ಅವರಿಗೆ ಗೊತ್ತಿತ್ತು. ತೀರಿಹೋಗುವ ಮುಂಚಿನ ವರ್ಷ ಅವರ ತಾಯಿಗೆ ಮಗ ಯಾರು, ಸೊಸೆ ಯಾರು ಎಂಬುದೇ ತಿಳಿಯುತ್ತಿರಲಿಲ್ಲ. ಆದರೆ ದೀಪ ಹಚ್ಚಿದೊಡನೆ ಸಂಜೆಯ ಪ್ರಾರ್ಥನೆ ಒಂದಕ್ಷರ ಬಿಡದೆ ಬಾಯಿಗೆ ಬರುತ್ತಿತ್ತು. ಆಗ ದೇವರು ಅಮ್ಮನನ್ನು ಪೂರ್ತಿ ಕೈಬಿಟ್ಟಿಲ್ಲವೆಂದು ಅವರಿಗೆ ಸಮಾಧಾನವಾಗುತ್ತಿತ್ತು. ಈಗ ಅದೇ ನೆನಪು ಸಮಾಧಾನ ಕೊಡಲಿಲ್ಲ; ಹುಡುಗಿಯ ಉತ್ತರಗಳೂ ಹಾಗೇ ಬಾಯಿಪಾಠದವು.

ಶುಕ್ರವಾರ ಬೆಳಿಗ್ಗೆ ಒಂಬತ್ತಕ್ಕೆ ಇಬ್ಬರೂ ದೂರುದಾರಳ ಮನೆಗೆ ಹೋದರು. ನೀಲಿ ಬಾಗಿಲು ತೆರೆದೇ ಇತ್ತು. ಆಕೆ ದರ್ಜಿ. ಯಾರದೋ ಮದುವೆಯ ರವಿಕೆಗೆ ಇಸ್ತ್ರಿ ಹಾಕುತ್ತಿದ್ದಳು.

"ಕೊಟ್ಟ ಮಾತು ಸಾರ್. ಅವರ ಮದುವೆ ನಿಲ್ಲಲ್ಲವಲ್ಲ."

"ನಿಮ್ಮ ತಮ್ಮ ಮನೇಲಿ ಏನು ತಾಲೀಮು ಮಾಡಿಸ್ತಿದ್ದರು?"

"ಹಿತ್ತಲಲ್ಲಿ ತೊಟ್ಟಿ ಇದೆ. ಐಸ್ ಸುರಿದು ಅವಳನ್ನ ಕೂರಿಸೋನು. ಮೇಲಿಂದ ಪ್ರಶ್ನೆ ಕೇಳೋನು. ದಿನಾ ಸಂಜೆ ಅದೇ ಮಗ್ಗಿ." ಕೈ ಇಸ್ತ್ರಿ ಎಳೆಯುತ್ತಲೇ ಇತ್ತು. "ನನಗೇ ಬಾಯಿಪಾಠ ಆಗಿದೆ. ಬಾಗಿಲ ಬಣ್ಣ? ನೀಲಿ. ಬೆಕ್ಕಿನ ಹೆಸರು? ಬೂದಿ. ಅಜ್ಜನ ಕೆಲಸ? ಗಡಿಯಾರ ರಿಪೇರಿ. ಇವತ್ತು ಯಾವ ವಾರ? ಭಾನುವಾರ."

"ದಿನಾ ಭಾನುವಾರವೇ?"

"ಈಜು ನಿಗದಿಯಾಗಿದ್ದೇ ಭಾನುವಾರಕ್ಕೆ ಸಾರ್. ಆಮೇಲೆ ಗಾಳಿ ಜಾಸ್ತಿ ಅಂತ ಮಂಗಳವಾರಕ್ಕೆ…"

ಆಕೆಯ ಕೈ ನಿಂತಿತು. ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ಪಕ್ಕಕ್ಕೆ ನಿಲ್ಲಿಸಿದಳು. ತೊಟ್ಟಿಯಿದ್ದ ಹಿತ್ತಲ ಕಡೆ ತಿರುಗಿದಳು.

"ಚಳೀಲಿ ಧೈರ್ಯ ಬರಲಿ ಅಂತ ಕೇಳ್ತಾನೆ ಅಂದ್ಕೊಂಡಿದ್ದೆ. ಅವಳು ಗಟ್ಟಿಯಾಗಿ ಹೇಳಿದಾಗೆಲ್ಲ, ಜಾಣೆ ಕಣೇ ಅಂತ ಒಳಗಿಂದ ಅಂತಿದ್ದೆ."

ರವಿಕೆಯನ್ನು ಮಡಚಿ ಬದಿಗಿಟ್ಟಳು.

"ಆ ಡಾಕ್ಟರಮ್ಮನಿಗೂ ಅಮ್ಮ ಇರ್ತಾಳೆ," ಎಂದಳು ಆಕೆ. "ದೂರಲ್ಲಿ ಹೆಸರು ಬದಲಾಯಿಸಬಹುದಾ ಸಾರ್? ಒಡಹುಟ್ಟಿದವನು ಅಂತ ಬಿಡೋಕೆ ನನ್ನಿಂದ ಆಗಲ್ಲ."

ಹೆಡ್ ಕಾನ್‌ಸ್ಟೇಬಲ್ ಆಕೆಯ ಮರುಹೇಳಿಕೆ ಬರೆದುಕೊಂಡು ಓದಿ ಹೇಳಿದರು. ಆಕೆ ಸಹಿ ಹಾಕಿದಳು.

ಅದೇ ದಿನ ಹನ್ನೊಂದೂವರೆಗೆ ಪುರಸಭೆಯ ಈಜುಕೊಳದ ಬಳಿ ಮಾವ ಸಿಕ್ಕ. ಪಾಠ ಇರಲಿಲ್ಲ. ಯಾರೂ ಇಳಿಯದ ಕೊಳದ ನೀರಿನ ಮೇಲಿನ ಎಲೆಗಳನ್ನು ಜಾಲರಿಯಿಂದ ಒಂದೊಂದಾಗಿ ಎತ್ತುತ್ತಿದ್ದ. ಪೊಲೀಸರನ್ನು ಕಂಡು ಜಾಲರಿಯನ್ನು ಗೋಡೆಗೆ ಒರಗಿಸಿದ.

"ಅಕ್ಕನಿಗೆ ಗೊತ್ತಾಯ್ತಾ?"

"ಆಯ್ತು. ಪ್ರಶ್ನೆಗಳನ್ನ ಯಾಕೆ ಬಾಯಿಪಾಠ ಮಾಡಿಸಿದಿರಿ?"

"ಯಾರೂ ಅವಳನ್ನ ಸುಮ್ಮಸುಮ್ಮನೆ ಎತ್ತಬಾರದು ಅಂತ."

ಠಾಣೆಯ ಮೇಜಿನ ಎದುರು ಅವನು ಉಳಿದದ್ದನ್ನು ಹೇಳಿದ. ಹರೆಯದಲ್ಲಿ ಅದೇ ಜಲಸಂಧಿಗೆ ಅವನೂ ಇಳಿದಿದ್ದ. ದಡದ ಮನೆಗಳ ಕಿಟಕಿ ಕಾಣುವಷ್ಟು ಹತ್ತಿರ ಬಂದಾಗ, ದೋಣಿಯಲ್ಲಿದ್ದ ಅವನಪ್ಪ, ಆ ಗಡಿಯಾರ ರಿಪೇರಿಯವರು, ನೀರಿಗೆ ಕೈ ಹಾಕಿ ಅವನ ರಟ್ಟೆ ಹಿಡಿದು ಎಳೆದುಕೊಂಡಿದ್ದರು.

"ಇನ್ನು ಸ್ವಲ್ಪ ಹೊತ್ತಾಗಿದ್ರೆ ಉಳೀತಿರಲಿಲ್ಲ ಅಂದ್ರು ಡಾಕ್ಟರು. ನಾನು ನಂಬಲಿಲ್ಲ. ಅಪ್ಪನ ಹತ್ರ ಮಾತು ಬಿಟ್ಟೆ. ಅವರು ಹೋಗೋ ತನಕ ಆಡಲಿಲ್ಲ."

"ವಾರದ ಪ್ರಶ್ನೆಗೆ ಅವಳು ತಪ್ಪು ಹೇಳಿದಳು. ನೀವು ಸರಿ ಅಂದಿರಿ."

"ನನ್ನ ಬಾಯಿಗೂ ಅದೇ ಪಾಠ ಸಾರ್. ಆಗ ನಿಜವಾಗ್ಲೂ ಗೊತ್ತಾಗಲಿಲ್ಲ." ಅವನು ಅಂಗೈ ನೋಡಿಕೊಂಡ. "ಆಮೇಲೆ ಗೊತ್ತಾಯ್ತು. ಕೊನೇಲಿ ಒಂದು ಮಾತು ಅಂದಳು. ನಾನು ಕಲಿಸದ ಮಾತು ಅದೊಂದೇ."

"ಏನದು?"

"ಅಮ್ಮಾ, ಬಾಗಿಲು ತೆಗಿ."

ಹೆಡ್ ಅದನ್ನು ಅವಳ ಮಾತಿನಲ್ಲೇ ಬರೆದುಕೊಂಡರು.

"ಆಗ ಕೈ ಚಾಚಬಹುದಿತ್ತಲ್ಲ?"

"ಚಾಚಿದೆ. ಹಿಂದಕ್ಕೆ ತಗೊಂಡೆ. ಅಷ್ಟು ಹತ್ತಿರ ಬಂದಿದ್ವಿ ಸಾರ್. ಅಕ್ಕ ಟವೆಲ್ ಹಿಡ್ಕೊಂಡು ನಿಂತಿದ್ದು ಕಾಣ್ತಿತ್ತು. ಮತ್ತೆ ನೋಡಿದ್ರೆ ಕೆಂಪು ಟೋಪಿ ಇರಲಿಲ್ಲ."

ಮಧ್ಯಾಹ್ನ ಒಂದೂವರೆಗೆ ಬಂಧನದ ಮೆಮೊಗೆ ಸಹಿ ಆಯಿತು. ವೈದ್ಯೆಯ ಹೆಸರು ಆರೋಪಿಗಳ ಸಾಲಿನಿಂದ ಸಾಕ್ಷಿಗಳ ಸಾಲಿಗೆ ಹೋಯಿತು. ಕೇಸ್ ಡೈರಿಯಲ್ಲಿ ಉದ್ದೇಶ ಎಂಬಲ್ಲಿ ಇನ್ಸ್‌ಪೆಕ್ಟರ್ ಬರೆದರು: ತನ್ನನ್ನು ಬದುಕಿಸಿದ ಕೈಯನ್ನು ಆರೋಪಿಯು ಕಡೆತನಕ ಕ್ಷಮಿಸಿರಲಿಲ್ಲ.

ಸಂಜೆ ಠಾಣೆಯಿಂದ ಹಿಂತಿರುಗುವಾಗ ಅವರೊಬ್ಬರೇ ದರ್ಜಿಯ ಮನೆಗೆ ಹೋದರು. ಟವೆಲ್ ಕುರ್ಚಿಯ ಬೆನ್ನಿಗಿತ್ತು. ಕೇಳಿ ಹೇಳುತ್ತೇನೆಂದು ಒಪ್ಪಿಕೊಂಡಿದ್ದ ಮಗಳ ಕೊನೆಯ ಮಾತನ್ನು, ಒಂದು ಪದ ಹೆಚ್ಚಿಲ್ಲದೆ ಕಡಿಮೆಯಿಲ್ಲದೆ ಹೇಳಿದರು.

ಆಕೆ ಅಳಲಿಲ್ಲ. "ದಿನಾ ಬೆಳಿಗ್ಗೆ ಈಜು ಮುಗಿಸಿ ಬಂದು ಹಾಗೇ ಕೂಗ್ತಿದ್ದಳು," ಎಂದಳು. "ಬಾಗಿಲು ತೆಗೆದೇ ಇರ್ತಿತ್ತು. ಆದ್ರೂ ಕೂಗೋದು. 'ದೂಡೇ, ಕೈಗೇನಾಗಿದೆ' ಅಂತ ಒಳಗಿಂದಲೇ ಬೈತಿದ್ದೆ. ಒಂದು ದಿನಾನೂ ಎದ್ದು ಬರಲಿಲ್ಲ ನಾನು."

ಇನ್ಸ್‌ಪೆಕ್ಟರ್ ಎದ್ದರು. ಹೊಸ್ತಿಲು ದಾಟಿದ ಮೇಲೆ, ರೂಢಿಯಂತೆ, ನೀಲಿ ಬಾಗಿಲನ್ನು ಹಿಂದಿನಿಂದ ಎಳೆದುಕೊಳ್ಳಲು ಕೈ ಹಾಕಿದರು. ಒಳಗಿನಿಂದ ಕುರ್ಚಿ ಸರಿದ ಸದ್ದಾಯಿತು. ಆಕೆ ಎದ್ದು ಬಂದು ಬಾಗಿಲು ಹಿಡಿದು ನಿಂತಿದ್ದಳು.

"ಬಿಡಿ ಸಾರ್," ಎಂದಳು. "ತೆಗೆದೇ ಇರಲಿ."