ಐವಿಯ ಮನೆಯ ಎರಡು ಕಪ್ಪು

ನಂಬಿದರೆ ನಂಬಿ, ಬಿಟ್ಟರೆ ಬಿಡಿ. ಯಾರ್ಕ್‌ಷೈರಿನಲ್ಲಿ ನಗರಸಭೆಯ ಬಾಡಿಗೆ ಮನೆಗಳಿದ್ದ ನಮ್ಮ ಕೌನ್ಸಿಲ್ ಕಟ್ಟಡದಲ್ಲಿ ಚಹಾ ಆಯಿತೆಂದರೆ ಗೋಡೆಯ ಬಿಸಿನೀರಿನ ಕೊಳವೆಯನ್ನು ಚಮಚದಿಂದ ಮೂರು ಸಲ ಬಡಿಯುತ್ತಿದ್ದೆವು. ಪಕ್ಕದ ಮನೆಯವಳು ಎದ್ದು ಬರುತ್ತಿದ್ದಳು.

೧೯೮೬ರಲ್ಲಿ ಕಟ್ಟಡ ಕೆಡವಲು ಎಲ್ಲರನ್ನೂ ಖಾಲಿ ಮಾಡಿಸತೊಡಗಿದರು. ಪಕ್ಕದ ಮುದುಕಿ ಐವಿ ಮಾತ್ರ ಹೊರಡಲೊಲ್ಲಳು. ಅವಳು ಹೋಗದೆ ನಮಗೂ ತೋಟವಿರುವ ಹೊಸ ಮನೆ ಸಿಗುವಂತಿರಲಿಲ್ಲ. ಒಂದು ಮಧ್ಯಾಹ್ನ, ಖಾಲಿ ಮನೆಗಳ ಬಾಗಿಲು ಕಿಟಕಿಗಳಿಗೆ ಉಕ್ಕಿನ ತಗಡು ಹೊಡೆದು ಮುಚ್ಚುವವರು ಬಂದರು.

"ಏನಮ್ಮಾ, ಇದೂ ಖಾಲೀನಾ?" ಒಬ್ಬ ಐವಿಯ ಬಾಗಿಲು ತೋರಿಸಿ ಕೇಳಿದ.

"ಹ್ಞೂಂ, ತಂಗಿ ಮನೆಗೆ ಹೋದ್ಲು," ಎಂದೆ. ಐವಿ ಆ ಹೊತ್ತಿಗೆ ಮಲಗಿರುತ್ತಾಳೆ, ಕಿವಿಯೂ ಮಂದ ಎಂದು ನನಗೆ ಗೊತ್ತಿತ್ತು. ಅವರು ಅವಳ ಮನೆಗೂ ತಗಡು ಹೊಡೆದು ಹೋದರು.

ನಾಲ್ಕು ಗಂಟೆಗೆ ಕೊಳವೆಯ ಮೇಲೆ ಮೂರು ಬಡಿತ ಕೇಳಿಸಿತು. ನನ್ನ ಗಂಡ ಡೆರೆಕ್ ನಕ್ಕ. "ಹೋಗೇ, ಮುದುಕಿ ಚಹಾಕ್ಕೆ ಕರೀತಾವ್ಳೆ! ಎರಡು ದಿನ ಒಳಗೇ ಕೂತಿರ್ಲಿ, ಬುದ್ಧಿ ಬರತ್ತೆ."

ಬಿಸಿನೀರು ನಿಲ್ಲಿಸಿ ವಾರವಾಗಿತ್ತು. ಆದರೂ ಕೊಳವೆ ಮುಟ್ಟಿದರೆ ಕೈ ಸುಟ್ಟಿತು. ದಿನಾ ನಾಲ್ಕಕ್ಕೆ ಅದೇ ಮೂರು ಬಡಿತ. ನಾನು ರೇಡಿಯೊ ಜೋರು ಮಾಡುತ್ತಿದ್ದೆ.

ಹನ್ನೊಂದನೆಯ ದಿನ ಅವಳ ತಂಗಿಯೇ ಹುಡುಕಿಕೊಂಡು ಬಂದಳು. ತಗಡು ಬಿಚ್ಚಿಸಿದರೆ ಅದರ ಒಳಮೈ ತುಂಬ ಚಮಚದಿಂದ ಬಡಿದ ಗುಳಿಗಳು. ಮನೆಯೆಲ್ಲ ಜಾಲಾಡಿದರೂ ಐವಿ ಇರಲಿಲ್ಲ. ಮೇಜಿನ ಮೇಲೆ ಎರಡು ಕಪ್ಪುಗಳಿದ್ದವು. ಒಂದರ ತಳದಲ್ಲಿ ಚಹಾ ಒಣಗಿ ಬಿರಿದಿತ್ತು. ಇನ್ನೊಂದರಲ್ಲಿ, ನಾನು ಕುಡಿಯುವ ಹಾಗೆಯೇ, ಹಾಲಿಲ್ಲದ ಚಹಾ, ಆವಿ ಏಳುತ್ತಿತ್ತು.