ಮುಂದಕ್ಕೆ ಹೋದ ಮದುವೆ

ಕನ್ಯೆ ನೋಡಲು ಬಂದವನು ಮುಖ ನೋಡಬೇಕೋ ಬೇಡವೋ? ಬಸವಕುಮಾರ ನೋಡಿದ್ದು ಶೈಲಜಾಳ ಕೆಂಪು-ನೀಲಿ ಕಲೆ ಬಿದ್ದ ಮುಂಗೈಗಳನ್ನು!

"ಏನಾಗೈತ್ರಿ ಕೈಗೆ?" ಮಾತಾಡಲೆಂದು ಇಬ್ಬರನ್ನೇ ಬಿಟ್ಟಾಗ ಕೇಳಿದ.

"ವಾಲಿಬಾಲ್ ರೀ. ಎದುರಿನವರು ಹೊಡದ ಚೆಂಡು ಎತ್ತೂದು ನನ್ನ ಕೆಲಸ. ಬರೋ ಇಪ್ಪತ್ತಕ್ಕ ಹುಬ್ಬಳ್ಳ್ಯಾಗ ರೈಲ್ವೆ ತಂಡದ ಆಯ್ಕಿ ಐತಿ."

ಐದಡಿಯ ಹುಡುಗಿ. ಜಪಾನಿನ ಒಬ್ಬ ಗಿಡ್ಡ ಆಟಗಾರ್ತಿಯನ್ನು ಮೊಬೈಲಿನಲ್ಲಿ ನೋಡಿ ನೋಡಿಯೇ ಕಲಿತವಳು. ಆಕೆ ಮದುವೆಯಾಗಿ, ಮಗುವಾದ ಮೇಲೂ ಕಂಪನಿ ತಂಡಕ್ಕೆ ಆಡಿದಳಂತೆ. ಯಲಬುರ್ಗಾದಲ್ಲಿ ಇದನ್ನೆಲ್ಲ ಯಾರಿಗೆ ಹೇಳುವುದು? ಅವನಿಗೆ ಹೇಳಿದಳು. ಅವನು ಕೊನೆಯವರೆಗೂ ಕೇಳಿದ. ಅಲ್ಲಿಗೆ ಅವಳ ಮನಸ್ಸು ಸೋತಿತ್ತು.

ಹಿರಿಯರು ಲಗ್ನ ಗೊತ್ತು ಮಾಡಿದ್ದೂ ಇಪ್ಪತ್ತಕ್ಕೇ! ಅವಳು ಬಾಯಿ ಬಿಡುವ ಮೊದಲೇ ಸಂಬಂಧ ಕೂಡಿಸಿದ ನಡುವಿನ ಹಿರಿಯ ಓಬಳೆಪ್ಪ ಬಂದ.

"ಹುಡುಗ ಲಗ್ನ ಮುಂದಕ್ಕ ಹಾಕ್ರಿ ಅಂತಾನ."

ಯಾಕೆಂದು ಕೇಳಿದರೆ ನೆಲ ನೋಡಿದ.

"ನಿನ್ನ ಕೈ ನೋಡೇ ಹಿಂದ ಸರದಾನ," ತಾಯಿ ಕಳಕಮ್ಮ ಕಣ್ಣೊರೆಸಿಕೊಂಡಳು. "ಇನ್ನ ಹೊಸ್ತಿಲ ದಾಟಬ್ಯಾಡ."

ಬೂಟು, ಫೋನು ಎರಡೂ ಟ್ರಂಕಿಗೆ ಸೇರಿದವು. ಅಜ್ಜಿ ಮುದಕಮ್ಮ ಶೇಂಗಾ ಬಿಡಿಸುವ ನೆಪದಲ್ಲಿ ಬಾಗಿಲಿಗೇ ಕೂತಳು. ಕಲೆ ಹೋಗಲೆಂದು ದಿನಕ್ಕೆರಡು ಸಲ ಮುಂಗೈಗೆ ಅರಿಷಿಣ. ಪ್ರಾಕ್ಟೀಸಿಗೆಂದು ಹತ್ತುತ್ತಿದ್ದ ಕೊಪ್ಪಳದ ಬಸ್ಸು ಅವಳನ್ನು ಬಿಟ್ಟೇ ಹೊರಡುತ್ತಿತ್ತು.

ಅಷ್ಟೆಲ್ಲ ಕೇಳಿಸಿಕೊಂಡು ಹೀಗೆ ಮಾಡಿದನಲ್ಲ... ಬೇಡವಾಗಿದ್ದರೆ ನನ್ನೆದುರೇ ಹೇಳಬಹುದಿತ್ತಲ್ಲ... ಹುಟ್ಟಿದ ಮನೆಯಲ್ಲೇ ಅವಳಿಗೆ ಉಸಿರು ಕಟ್ಟುತ್ತಿತ್ತು.

ಹತ್ತೊಂಬತ್ತರ ಮುಂಜಾನೆ ಕಾರಟಗಿಯಿಂದ ಬಸವಕುಮಾರನೇ ಬಂದು ಬಾಗಿಲಲ್ಲಿ ನಿಂತ. ಲಗ್ನಕ್ಕೆ ಮುಂಚೆ ವರ ಹೀಗೆ ಒಬ್ಬನೇ ಬರುವುದುಂಟೆ?

"ನಾಕು ದಿನದಿಂದ ಫೋನ್ ಹತ್ತವಲ್ದು. ಶೈಲಜಾ ಅವರು ಹುಬ್ಬಳ್ಳಿಗೆ ಹೊಂಟಿಲ್ಲೇನ್ರಿ?"

"ಮದುವೀನ ಬ್ಯಾಡ ಅಂದವಗ ಅದೆಲ್ಲಾ ಯಾಕ ಬೇಕಪಾ?" ಎಂದಳು ಕಳಕಮ್ಮ.

"ನಾ ಎಲ್ಲಿ ಬ್ಯಾಡ ಅಂದೇನ್ರಿ? ಲಗ್ನದ ದಿನಾನ ಇವರ ಆಯ್ಕಿ ಐತಿ, ಎಂಟು ದಿನ ಮುಂದಕ್ಕ ಹಾಕ್ರಿ ಅಂತ ಓಬಳೆಪ್ಪನವರಿಗೆ ಹೇಳಿ ಕಳಿಸಿದ್ದೆ."

ಮದುಮಗಳು ಚೆಂಡಾಡಲು ಹೋಗಬೇಕು, ಅದಕ್ಕೆ ಮದುವೆ ತಡ ಎಂದು ಹೇಳಲು ಆ ಹಿರಿಯನಿಗೆ ನಾಚಿಕೆ! ಕಾರಣ ನುಂಗಿ, ಉಳಿದದ್ದನ್ನು ಮಾತ್ರ ತಲುಪಿಸಿದ್ದ.

ಕಳಕಮ್ಮ ಟ್ರಂಕು ತೆರೆದಳು. ಅಜ್ಜಿ ಶೇಂಗಾದ ಮೊರ ಬದಿಗೆಳೆದುಕೊಂಡು ದಾರಿ ಬಿಟ್ಟಳು.

ಬಸ್‌ಸ್ಟ್ಯಾಂಡಿನಲ್ಲಿ, ಜೊತೆಗೆ ಹೊರಟ ತಾಯಿ ಸೀಟು ಹಿಡಿಯಲು ಒಳಹೋದಾಗ ಶೈಲಜಾ ತಲೆ ತಗ್ಗಿಸಿದಳು.

"ಮನಸಿನ್ಯಾಗ ನಿಮ್ಮನ್ನ ಭಾಳ ಬೈದೇನ್ರಿ."

"ನಾ ನಿಮ್ಮನ್ನ ಭಾಳ ನೆನೆಸೇನ್ರಿ. ನೀವಂದ್ರ ನನಗ ಜೀವ."

ಅವಳ ಕಣ್ಣು ತುಂಬಿದವು. "ಆಯ್ಕಿ ಆಗ್ಲಿಲ್ಲಂದ್ರ...?"

"ಮುಂದಿನ ವರ್ಷನೂ ಇರ್ತೈತಲ್ರಿ."

"ಆಗ ಮತ್ತ ಲಗ್ನ ಮುಂದಕ್ಕ ಹಾಕ್ತೀರೇನು?"

"ಇಲ್ರಿ... ಆವಾಗ ಇಬ್ಬರೂ ನಮ್ಮ ಮನಿಯಿಂದನ ಹೊರಡೂಣು."